ಒಂದು ಚುಕ್ಕೆಯ ಚರಿತ್ರೆ: ಫೈಲಿನಿಂದ ಶೆಲ್ಲಿಗೆ, ನ್ಯೂಜೆರ್ಸಿಯಿಂದ ಪುಣೆಗೆ

ಇವತ್ತಿನ ಮಾತು ಒಂದು ಚುಕ್ಕೆಯ ಬಗ್ಗೆ. ವಿಡಿಯೋದಲ್ಲಿ ಪರದೆ ಮೇಲೆ ತೋರಿಸಿದ ಕಮಾಂಡುಗಳನ್ನು ಈ ಬರಹದಲ್ಲಿ ಬಾಯಲ್ಲಿ ಹೇಳಿದ ಹಾಗೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ನಿಧಾನವಾಗಿ ಓದಿಕೊಳ್ಳಿ.

ಪುಣೆ ವಿಶ್ವವಿದ್ಯಾಲಯದ ಆವರಣದೊಳಗೆ ಎನ್‌ಸಿಆರ್‌ಎ ಅಂತ ಒಂದು ಸಂಸ್ಥೆ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರೇಡಿಯೋ ಖಗೋಳ ಕೇಂದ್ರ ಅದು. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾಂವ್ ಹತ್ತಿರ ಖೋಡದ್ ಅನ್ನೋ ಊರು. ಅಲ್ಲಿ ಜಿಎಂಆರ್‌ಟಿ ದೂರದರ್ಶಕ ಇದೆ. ಒಂದೊಂದೂ 45 ಮೀಟರ್ ಅಗಲದ 30 ಆಂಟೆನಾಗಳು. ಗೋವಿಂದ ಸ್ವರೂಪ್ ಅವರು ಕನಸು ಕಂಡು ಕಟ್ಟಿಸಿದ ದೂರದರ್ಶಕ ಇದು. ಅಲ್ಲಿ ಹಿಡಿದ ಸಂಕೇತಗಳನ್ನು ಚಿತ್ರ ಮಾಡೋದಕ್ಕೆ ಖಗೋಳ ವಿಜ್ಞಾನಿಗಳು ಬಹಳ ವರ್ಷ ಬಳಸಿದ ತಂತ್ರಾಂಶದ ಹೆಸರು ಏಪ್ಸ್. ಅಮೆರಿಕದ ರಾಷ್ಟ್ರೀಯ ರೇಡಿಯೋ ಖಗೋಳ ವೀಕ್ಷಣಾಲಯದಲ್ಲಿ 1978ರಲ್ಲಿ ಶುರುವಾಗಿದ್ದು. ಹೆಸರಿಗೆ ತಕ್ಕ ಹಾಗೆ ಅದರ ಲಾಂಛನವೂ ಒಂದು ಗೊರಿಲ್ಲಾನೇ!

ಏಪ್ಸ್ ಶುರು ಮಾಡೋ ಮೊದಲು ಒಂದು ಕೆಲಸ ಆಗಬೇಕು. ಟರ್ಮಿನಲ್ಲಿನಲ್ಲಿ ಒಂದು ಚುಕ್ಕೆ ಒತ್ತಬೇಕು, ಒಂದು ಖಾಲಿ ಜಾಗ ಬಿಡಬೇಕು, ಆಮೇಲೆ "ಲಾಗಿನ್ ಡಾಟ್ ಎಸ್‌ಎಚ್" ಅನ್ನೋ ಫೈಲಿನ ಹೆಸರು ಕೊಡಬೇಕು. ಚುಕ್ಕೆ ಮರೆತು ಬರೀ ಫೈಲನ್ನು ಓಡಿಸಿದರೆ? ಯಾವ ದೂರೂ ಬರಲ್ಲ. ಫೈಲು ಓಡುತ್ತೆ, ಮುಗಿಯುತ್ತೆ. ಆದರೆ ಏಪ್ಸ್ ಕರೆದರೆ ಮಾತ್ರ ಅದು ಎಲ್ಲಿದೆ ಅಂತ ಶೆಲ್ಲಿಗೆ ಗೊತ್ತಿರಲ್ಲ.

ಹಾಗಾದರೆ ಆ ಚುಕ್ಕೆ ಏನು ಮಾಡಿತು? ಈ ಪ್ರಶ್ನೆ ಹಿಡಿದು ಹೊರಟರೆ 1960ರ ದಶಕಕ್ಕೆ ಹೋಗಿ, ಪುಣೆಯ ಸೂಪರ್‌ಕಂಪ್ಯೂಟರುಗಳ ಹತ್ತಿರ ಬಂದು, ಕೊನೆಗೆ 2024ರಲ್ಲಿ ಸಾವಿರಾರು ಗುಟ್ಟುಗಳು ಬಯಲಾದ ಕತೆಗೆ ಮುಟ್ಟುತ್ತೇವೆ. ದಾರಿ ಉದ್ದಕ್ಕೂ ಒಂದೇ ವಿಷಯ ನೆನಪಿಟ್ಟುಕೊಳ್ಳಿ: ಫೈಲನ್ನು ಓದೋದು ಬೇರೆ, ಫೈಲು ಹೇಳಿದ ಹಾಗೆ ಕೇಳೋದು ಬೇರೆ.

ಮೊದಲು, ಎನ್ವಿರಾನ್‌ಮೆಂಟ್ ಅಂದ್ರೆ ಏನು?

ಪುಣೆಯ ಸವಾಯಿ ಗಂಧರ್ವ ಮಹೋತ್ಸವ ನಿಮಗೆ ಗೊತ್ತಿರುತ್ತೆ. ಗದಗಿನ ನೆಲದಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು, ಕುಂದಗೋಳದ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಶುರು ಮಾಡಿದ್ದು. ಅಲ್ಲಿ ಕಚೇರಿ ನೋಡಿ. ಹಾಡುವವರು ಮಧ್ಯದಲ್ಲಿ ನಿಲ್ಲಿಸಿ "ನನ್ನ ಶ್ರುತಿ ಇಷ್ಟು" ಅಂತ ಹೇಳೋದಿಲ್ಲ. ತಂಬೂರಿ ಮೊದಲೇ ಸೇರಿಸಿಟ್ಟಿರುತ್ತೆ. ಹಾರ್ಮೋನಿಯಂನವರು, ತಬಲಾದವರು, ಹಿಂದೆ ಕೂತು ದನಿಗೂಡಿಸುವ ಶಿಷ್ಯರು, ಎಲ್ಲರೂ ಅದನ್ನೇ ಹಿಡಿದು ನಡೀತಾರೆ.

ಕಂಪ್ಯೂಟರಿನಲ್ಲಿ ಎನ್ವಿರಾನ್‌ಮೆಂಟ್ ಅನ್ನೋದು ಆ ಶ್ರುತಿ ಇದ್ದ ಹಾಗೆ. ಹೆಸರು, ಸಮ ಚಿಹ್ನೆ, ಬೆಲೆ. ಇಂಥ ಸಾಲುಗಳ ಒಂದು ಪಟ್ಟಿ ಅಷ್ಟೇ. "ಹೋಮ್" ಅಂದ್ರೆ ನಿಮ್ಮ ಮನೆ ಫೋಲ್ಡರ್ ಯಾವುದು. "ಪಾತ್" ಅಂದ್ರೆ ಕಮಾಂಡುಗಳನ್ನು ಎಲ್ಲೆಲ್ಲಿ ಹುಡುಕಬೇಕು. "ಲ್ಯಾಂಗ್" ಅಂದ್ರೆ ನಿಮ್ಮ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಬೇಕು. ಒಂದು ಪ್ರೋಗ್ರಾಂ ಇನ್ನೊಂದನ್ನು ಶುರು ಮಾಡಿದಾಗ ಈ ಪಟ್ಟಿಯ ಒಂದು ಪ್ರತಿಯನ್ನು ಅದರ ಕೈಗೆ ಕೊಡುತ್ತೆ.

ಪ್ರತಿ ಅಂತ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಇಡೀ ಕತೆ ನಿಂತಿರೋದು ಅಲ್ಲೇ. ಹುಬ್ಬಳ್ಳಿಯಿಂದ ಮಗ ಪುಣೆಗೆ ಕೆಲಸಕ್ಕೆ ಹೊರಟ ಅಂತಿಟ್ಟುಕೊಳ್ಳಿ. ಅಮ್ಮ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿ ಕಳಿಸ್ತಾಳೆ. ಮಗ ದಾರಿಯಲ್ಲಿ ಬೆಳಗಾವಿಯಲ್ಲಿ ಇಳಿದು ಕುಂದಾ ಕೊಂಡು ಬುತ್ತಿಗೆ ಸೇರಿಸಿದ. ಅದರಿಂದ ಹುಬ್ಬಳ್ಳಿ ಮನೆಯ ಅಡುಗೆಮನೆಯಲ್ಲಿ ಕುಂದಾ ಬಂತಾ? ಇಲ್ಲ. ಕೊಟ್ಟಿದ್ದು ಮಗನ ಬುತ್ತಿ. ಅವನು ಅದಕ್ಕೆ ಏನು ಸೇರಿಸಿದರೂ, ಏನು ತೆಗೆದರೂ ಅಮ್ಮನ ಡಬ್ಬಿಗಳು ಹಾಗೇ ಇರ್ತಾವೆ.

ಲಾಗಿನ್ ಫೈಲನ್ನು ನೇರವಾಗಿ ಓಡಿಸಿದಾಗ ಆಗೋದು ಇದೇ. ಶೆಲ್ಲು ಒಂದು ಮಗುವನ್ನು ಹುಟ್ಟಿಸುತ್ತೆ. ಫೈಲಿನಲ್ಲಿರೋ ಬೆಲೆಗಳೆಲ್ಲ ಆ ಮಗುವಿನ ಬುತ್ತಿಗೆ ಸೇರುತ್ತವೆ. ಫೈಲು ಮುಗಿದಾಗ ಮಗು ಹೋಯಿತು, ಬುತ್ತಿಯೂ ಹೋಯಿತು.

ಚುಕ್ಕೆ ಇಟ್ಟಾಗ ಶೆಲ್ಲು ಯಾರನ್ನೂ ಕಳಿಸಲ್ಲ. ತಾನೇ ಫೈಲು ತೆರೆದು, ಪ್ರತಿ ಸಾಲನ್ನೂ ನೀವೇ ಕೂತು ಟೈಪ್ ಮಾಡಿದಿರಿ ಅನ್ನೋ ಹಾಗೆ ನಡೆಸುತ್ತೆ. ಆದ್ದರಿಂದ ಬದಲಾವಣೆ ಮನೆಯಲ್ಲೇ ಆಗುತ್ತೆ, ಉಳಿಯುತ್ತೆ.

ಚುಕ್ಕೆ ಹುಟ್ಟಿದ್ದು ಎಲ್ಲಿ?

ಫೈಲಿನಲ್ಲಿ ಕಮಾಂಡುಗಳನ್ನು ಬರೆದಿಟ್ಟು ಒಟ್ಟಿಗೆ ನಡೆಸೋ ಆಸೆ ಯುನಿಕ್ಸ್‌ಗಿಂತ ಹಳೆಯದು. 1960ರ ದಶಕದ ಮೊದಲ ಭಾಗದಲ್ಲಿ ಎಂಐಟಿಯ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆಯಲ್ಲಿ, ಲೂಯಿ ಪುಜಾನ್ ಅನ್ನೋ ಫ್ರೆಂಚ್ ಎಂಜಿನಿಯರ್ "ರನ್‌ಕಾಮ್" ಅಂತ ಒಂದು ಪ್ರೋಗ್ರಾಂ ಬರೆದರು. ಕಮಾಂಡುಗಳನ್ನು ಓಡಿಸು ಅಂತ ಅರ್ಥ. ಇವತ್ತು ಬ್ಯಾಶ್ ಆರ್‌ಸಿ, ವಿಮ್ ಆರ್‌ಸಿ ಅಂತ ಫೈಲುಗಳ ಕೊನೆಯಲ್ಲಿ ಬರೋ "ಆರ್‌ಸಿ" ಆ ರನ್‌ಕಾಮ್‌ನಿಂದಲೇ ಬಂದಿದ್ದು. "ಶೆಲ್" ಅನ್ನೋ ಹೆಸರು ಕೊಟ್ಟಿದ್ದೂ ಪುಜಾನ್ ಅವರೇ.

1969ರಲ್ಲಿ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಶುರು ಮಾಡಿದರು. ಥಾಂಪ್ಸನ್ ಬರೆದ ಮೊದಲ ಶೆಲ್ ಬಹಳ ಸಣ್ಣದು. ಅದರಲ್ಲಿ ಇವತ್ತಿನ ಅರ್ಥದ ವೇರಿಯೇಬಲ್ಲುಗಳೇ ಇರಲಿಲ್ಲ. ಕಮಾಂಡು ಎಲ್ಲಿ ಹುಡುಕಬೇಕು ಅನ್ನೋದನ್ನೂ ಶೆಲ್ಲಿನೊಳಗೇ ಬರೆದು ಕಟ್ಟಿಹಾಕಿದ್ದರು: ಮೊದಲು ನೀವಿರೋ ಫೋಲ್ಡರು, ಆಮೇಲೆ ಎರಡು ನಿಗದಿಯಾದ ಜಾಗ. ನನ್ನ ಪ್ರೋಗ್ರಾಂಗಳು ಬೇರೆ ಕಡೆ ಇವೆ ಅಂದರೆ ಕೇಳೋರಿಲ್ಲ.

1970ರ ದಶಕದ ನಡುವಿಗೆ ಬೆಲ್ ಲ್ಯಾಬ್ಸ್‌ನಲ್ಲೇ ಯುನಿಕ್ಸ್ ಬಳಸೋ ಪ್ರೋಗ್ರಾಮರುಗಳ ಸಂಖ್ಯೆ ಬೆಳೆಯಿತು. ಒಂದೊಂದು ತಂಡಕ್ಕೆ ಒಂದೊಂದು ಏರ್ಪಾಡು ಬೇಕಾಯಿತು. ಜಾನ್ ಮ್ಯಾಶೀ ಆ ಶೆಲ್ಲನ್ನು ಹಿಗ್ಗಿಸಿ ಒಂದೇ ಅಕ್ಷರದ ವೇರಿಯೇಬಲ್ಲುಗಳನ್ನು ತಂದರು. ಅದರಲ್ಲಿ "ಪಿ" ಅಂದ್ರೆ ಹುಡುಕೋ ದಾರಿ. ಇವತ್ತಿನ ಪಾತ್‌ನ ಅಜ್ಜ ಅಂತಲೇ ಅನ್ನಬಹುದು.

1979ರಲ್ಲಿ ಯುನಿಕ್ಸ್‌ನ ಏಳನೇ ಆವೃತ್ತಿ ಬಂತು. ಅದರೊಂದಿಗೆ ಸ್ಟೀಫನ್ ಬೋರ್ನ್ ಬರೆದ ಹೊಸ ಶೆಲ್ಲೂ ಬಂತು. ನಾವು ಇವತ್ತು ಬಳಸೋದು ಹೆಚ್ಚುಕಡಿಮೆ ಎಲ್ಲವೂ ಆ ಒಂದೇ ಕಂತಿನಲ್ಲಿ ಬಂದಿದ್ದು: ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ದಾಟೋ ಎನ್ವಿರಾನ್‌ಮೆಂಟ್, ಹೋಮ್ ಮತ್ತು ಪಾತ್, ಮಗುವಿನ ಬುತ್ತಿಗೆ ಇದನ್ನು ಸೇರಿಸು ಅಂತ ಹೇಳೋ "ಎಕ್ಸ್‌ಪೋರ್ಟ್", ಲಾಗಿನ್ ಆದ ತಕ್ಷಣ ಶೆಲ್ಲು ಓದೋ "ಡಾಟ್ ಪ್ರೊಫೈಲ್" ಫೈಲು, ಜೊತೆಗೆ ನಮ್ಮ ಚುಕ್ಕೆ ಕಮಾಂಡು.

ಎಕ್ಸ್‌ಪೋರ್ಟ್ ಯಾಕೆ ಬೇರೆಯಾಗಿ ಬೇಕು ಅಂತ ಕೆಲವರಿಗೆ ಗೊಂದಲ. ಮನೆಯಲ್ಲಿ ಇರೋದೆಲ್ಲ ಬುತ್ತಿಗೆ ಹೋಗಲ್ಲ, ಅಲ್ವಾ? ಎಕ್ಸ್‌ಪೋರ್ಟ್ ಮಾಡದ ವೇರಿಯೇಬಲ್ಲು ಮನೆಯೊಳಗಿನದು, ಶೆಲ್ಲಿಗೆ ಮಾತ್ರ ಕಾಣುತ್ತೆ. ಎಕ್ಸ್‌ಪೋರ್ಟ್ ಮಾಡಿದ್ದು ಮಾತ್ರ ಮಗುವಿನ ಜೊತೆ ಹೋಗುತ್ತೆ. ಫೈಲನ್ನು ಚುಕ್ಕೆ ಇಟ್ಟು ಲೋಡ್ ಮಾಡಿದ್ದೀನಿ, ಶೆಲ್ಲಿನಲ್ಲಿ ಬೆಲೆ ಕಾಣ್ತಿದೆ, ಆದರೂ ನನ್ನ ಪೈಥಾನ್ ಪ್ರೋಗ್ರಾಮಿಗೆ ಸಿಗ್ತಿಲ್ಲ ಅಂತ ಕೇಳೋರಿಗೆಲ್ಲ ಉತ್ತರ ಇಷ್ಟೇ: ಲೋಡ್ ಆಗಿದೆ, ಎಕ್ಸ್‌ಪೋರ್ಟ್ ಆಗಿಲ್ಲ.

ಅದೇ ಕಾಲಕ್ಕೆ ಅಮೆರಿಕದ ಇನ್ನೊಂದು ತುದಿಯ ಬರ್ಕ್ಲಿಯಲ್ಲಿ ಬಿಲ್ ಜಾಯ್ ಸಿ ಶೆಲ್ ಬರೆದರು. ಅದರಲ್ಲಿ ಚುಕ್ಕೆಯ ಬದಲು "ಸೋರ್ಸ್" ಅನ್ನೋ ಪದ, ಎಕ್ಸ್‌ಪೋರ್ಟ್ ಬದಲು "ಸೆಟ್ ಎನ್ವ್". ಕೆಲಸ ಒಂದೇ, ನುಡಿ ಎರಡು. ಒಂದರ ಫೈಲು ಇನ್ನೊಂದಕ್ಕೆ ಅರ್ಥ ಆಗಲ್ಲ. ಏಪ್ಸ್‌ನವರು ಎರಡು ಲಾಗಿನ್ ಫೈಲು ಕೊಟ್ಟಿರೋದು ಇದಕ್ಕೇ: ಬೋರ್ನ್ ಮನೆತನಕ್ಕೆ ಡಾಟ್ ಎಸ್‌ಎಚ್, ಸಿ ಶೆಲ್ ಮನೆತನಕ್ಕೆ ಡಾಟ್ ಸಿಎಸ್‌ಎಚ್. 1989ರಲ್ಲಿ ಬ್ರಯನ್ ಫಾಕ್ಸ್ ಬರೆದ ಬ್ಯಾಶ್ ಚುಕ್ಕೆಯನ್ನೂ ಸೋರ್ಸ್ ಪದವನ್ನೂ ಬಳಸುತ್ತೆ. ಆದರೆ 1992ರ ಪಾಸಿಕ್ಸ್ ಶೆಲ್ ಮಾನದಂಡ ಒಪ್ಪಿದ್ದು ಚುಕ್ಕೆಯನ್ನು ಮಾತ್ರ. ಎಲ್ಲ ಕಡೆ ನಡೀಬೇಕಾದ ಸ್ಕ್ರಿಪ್ಟಿನಲ್ಲಿ ಚುಕ್ಕೆಯೇ ಕ್ಷೇಮ ಅಂತ ಹಿರಿಯರು ಹೇಳೋದು ಅದಕ್ಕೆ.

ಪುಣೆಯ ಪರಮ್ ಯಂತ್ರಗಳು

ಈಗ ಪುಣೆಗೆ ಬರೋಣ. ಇನ್ಫೋಸಿಸ್ 1981ರಲ್ಲಿ ಹುಟ್ಟಿದ್ದು ಪುಣೆಯಲ್ಲಿ, ಬೆಂಗಳೂರಿಗೆ ಬಂದಿದ್ದು 1983ರಲ್ಲಿ, ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಶೆಲ್ಲಿನ ಕತೆಗೆ ಮುಖ್ಯವಾದದ್ದು 1988ರಲ್ಲಿ ಅಲ್ಲಿ ಶುರುವಾದ ಸಿ-ಡ್ಯಾಕ್. ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ತಯಾರಾಯಿತು. 1998ರಲ್ಲಿ ಪರಮ್ 10000 ಬಂತು. ಅದು ಸನ್ ಕಂಪನಿಯ ಯುನಿಕ್ಸ್ ಸರ್ವರುಗಳನ್ನು ಜೋಡಿಸಿ ಕಟ್ಟಿದ ಯಂತ್ರ. 2008ರಲ್ಲಿ ಪರಮ್ ಯುವ, 2019ರಲ್ಲಿ ಪುಣೆಯ ಐಸರ್‌ನಲ್ಲಿ ಪರಮ್ ಬ್ರಹ್ಮ, 2020ರಲ್ಲಿ ಸಿ-ಡ್ಯಾಕ್‌ನಲ್ಲೇ ಪರಮ್ ಸಿದ್ಧಿ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪರಮ್ ಪ್ರವೇಗ. 2024ರ ಸೆಪ್ಟೆಂಬರಿನಲ್ಲಿ ಮೊದಲು ಹೇಳಿದ ಜಿಎಂಆರ್‌ಟಿಯ ಕೆಲಸಕ್ಕೂ ಒಂದು ಪರಮ್ ರುದ್ರ ಸಿಕ್ಕಿತು.

ಸೂಪರ್‌ಕಂಪ್ಯೂಟರಿನ ಕಷ್ಟ ಏನು ಅಂದ್ರೆ, ಯಂತ್ರ ಒಂದೇ, ಬಳಸೋರು ನೂರಾರು ಜನ. ಒಬ್ಬರಿಗೆ ಇಂಟೆಲ್ ಕಂಪೈಲರ್ ಬೇಕು, ಇನ್ನೊಬ್ಬರಿಗೆ ಜಿಸಿಸಿ. ಒಬ್ಬರ ಹವಾಮಾನ ಮಾದರಿ ಹಳೇ ಲೈಬ್ರರಿ ಕೇಳುತ್ತೆ, ಇನ್ನೊಬ್ಬರ ಅಣುಗಳ ಲೆಕ್ಕ ಹೊಸದನ್ನು ಕೇಳುತ್ತೆ. ಎಲ್ಲವೂ ಯಂತ್ರದಲ್ಲಿ ಇವೆ. ನಿಮಗೆ ಯಾವುದು ಸಿಗಬೇಕು ಅನ್ನೋದನ್ನು ತೀರ್ಮಾನ ಮಾಡೋದು ಪಾತ್ ಮತ್ತು ಲೈಬ್ರರಿ ದಾರಿ ಹೇಳೋ ಇನ್ನೊಂದು ವೇರಿಯೇಬಲ್ಲು, ಇವೆರಡೇ.

ಇಂಟೆಲ್‌ನ ಪರಿಕರಗಳ ಜೊತೆ "ಸೆಟ್‌ವಾರ್ಸ್" ಅನ್ನೋ ಫೈಲು ಬರುತ್ತೆ. ಅದನ್ನು ಸೋರ್ಸ್ ಮಾಡಿದರೆ ಸಾಕು, ಬೇಕಾದ್ದೆಲ್ಲ ಶೆಲ್ಲಿಗೆ ಸೇರುತ್ತೆ. ಸರಿ, ಸೇರಿಸಿದ್ದಾಯಿತು. ಬೇಡ ಅಂದಾಗ ತೆಗೆಯೋದು ಹೇಗೆ? ಚುಕ್ಕೆಗೆ ತಿರುಗುಚುಕ್ಕೆ ಇಲ್ಲ! ಅಡುಗೆಗೆ ಹಾಕಿದ ಉಪ್ಪು ವಾಪಸ್ ಬರಲ್ಲ ಅನ್ನೋ ಹಾಗೆ, ಸೋರ್ಸ್ ಮಾಡಿದ್ದನ್ನು ಬಿಡಿಸೋಕೆ ಸುಲಭ ದಾರಿ ಅಂದ್ರೆ ಆ ಶೆಲ್ಲು ಮುಚ್ಚಿ ಹೊಸದು ತೆಗೆಯೋದು.

ಈ ತೊಂದರೆಗೆ 1991ರಲ್ಲಿ ಒಂದು ಉತ್ತರ ಬಂತು. ಸನ್ ಕಂಪನಿಯಲ್ಲಿದ್ದ ಜಾನ್ ಫರ್ಲಾನಿ "ಮಾಡ್ಯೂಲ್ಸ್" ಅನ್ನೋ ಪದ್ಧತಿಯನ್ನು ಯುಸೆನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದರು. ಪರಮ್ ಯಂತ್ರಗಳಲ್ಲಿ ಇವತ್ತು ಕೆಲಸ ಶುರು ಮಾಡೋ ವಿದ್ಯಾರ್ಥಿ ಮೊದಲು ಕಲಿಯೋದು ಇದನ್ನೇ. "ಮಾಡ್ಯೂಲ್ ಅವೇಲ್" ಅಂದ್ರೆ ಏನೇನು ಇದೆ ತೋರಿಸು. "ಮಾಡ್ಯೂಲ್ ಲೋಡ್" ಅಂದ್ರೆ ನನ್ನ ಎನ್ವಿರಾನ್‌ಮೆಂಟಿಗೆ ಸೇರಿಸು. "ಮಾಡ್ಯೂಲ್ ಅನ್‌ಲೋಡ್" ಅಂದ್ರೆ ತೆಗಿ.

ಇಲ್ಲೊಂದು ಪ್ರಶ್ನೆ ಏಳಬೇಕು. ಮಗು ಅಮ್ಮನ ಮನೆ ಬದಲಿಸಲಾರದು ಅಂದೆವು. ಮಾಡ್ಯೂಲ್ ಅನ್ನೋದು ಒಂದು ಪ್ರೋಗ್ರಾಂ, ಅಂದ್ರೆ ಶೆಲ್ಲಿನ ಮಗು. ಅದು ಹೇಗೆ ಶೆಲ್ಲನ್ನು ಬದಲಿಸುತ್ತೆ? ಬದಲಿಸಲ್ಲ. ಅದು ಕಾಗದ ಬರೆಯುತ್ತೆ. "ಅಮ್ಮಾ, ಪಾತ್‌ಗೆ ಈ ಜಾಗ ಸೇರಿಸಿಕೋ, ಆ ಲೈಬ್ರರಿಯನ್ನು ತೆಗಿ" ಅಂತ ಶೆಲ್ಲಿನ ಭಾಷೆಯಲ್ಲೇ ಸಾಲುಗಳನ್ನು ಬರೆದು ಕೊಟ್ಟು ಹೋಗುತ್ತೆ. ಶೆಲ್ಲು ಆ ಕಾಗದ ಓದಿ, ಅದರಂತೆ ತಾನೇ ಮನೆಯಲ್ಲಿ ಬದಲಾವಣೆ ಮಾಡಿಕೊಳ್ಳುತ್ತೆ. ಸಿ ಶೆಲ್ ಆದರೆ ಸಿ ಶೆಲ್ಲಿನ ನುಡಿಯಲ್ಲಿ ಕಾಗದ, ಬ್ಯಾಶ್ ಆದರೆ ಬ್ಯಾಶ್ ನುಡಿಯಲ್ಲಿ. ಎರಡು ಮನೆತನಗಳ ಜಗಳವೂ ಹೀಗೆ ತೀರಿತು. ಏನು ಸೇರಿಸಿದೆ ಅನ್ನೋ ಲೆಕ್ಕ ಇರೋದರಿಂದ ತೆಗೆಯೋದೂ ಸಾಧ್ಯವಾಯಿತು.

ಇದು ಬರೀ ಅನುಕೂಲದ ಮಾತಲ್ಲ. ಸೂಪರ್‌ಕಂಪ್ಯೂಟರುಗಳಲ್ಲಿ ಕೆಲಸಗಳನ್ನು ಸರತಿಗೆ ಹಾಕೋ ಸ್ಲರ್ಮ್ ತಂತ್ರಾಂಶ, ನೀವು ಬೇರೆ ಹೇಳದಿದ್ದರೆ, ಕೆಲಸ ಒಪ್ಪಿಸಿದ ಹೊತ್ತಿನಲ್ಲಿ ನಿಮ್ಮ ಶೆಲ್ಲಿನಲ್ಲಿದ್ದ ಎನ್ವಿರಾನ್‌ಮೆಂಟನ್ನೇ ಆ ಕೆಲಸಕ್ಕೆ ಕೊಡುತ್ತೆ. ಬೆಳಿಗ್ಗೆ ಯಾವುದೋ ಪ್ರಯೋಗಕ್ಕೆ ಲೋಡ್ ಮಾಡಿ ಮರೆತ ಹಳೇ ಲೈಬ್ರರಿ, ಸಂಜೆ ಒಪ್ಪಿಸಿದ ಲೆಕ್ಕದೊಳಗೆ ಸದ್ದಿಲ್ಲದೆ ಸೇರಿಕೊಳ್ಳಬಹುದು. ದಿನಗಟ್ಟಲೆ ಓಡಿದ ಮೇಲೆ ಬರೋ ಉತ್ತರ ಯಾವ ಲೈಬ್ರರಿಯದು ಅಂತ ಹೇಳೋರು ಯಾರು? ಅದಕ್ಕೇ ಅನುಭವಿಗಳು ಕೆಲಸದ ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲೇ ಎಲ್ಲ ಮಾಡ್ಯೂಲ್ ಕಳಚಿ, ಬೇಕಾದ್ದನ್ನು ಮಾತ್ರ ಹೆಸರು ಹಿಡಿದು ಲೋಡ್ ಮಾಡ್ತಾರೆ. ಆರು ತಿಂಗಳಾದ ಮೇಲೆ ಆ ಸ್ಕ್ರಿಪ್ಟೇ ಸಾಕ್ಷಿ.

ಕನ್ನಡದ ಒಂದು ಸಾಲು

ಪುಣೆಗೂ ಕನ್ನಡಕ್ಕೂ ಈ ಕತೆಯಲ್ಲಿ ಇನ್ನೊಂದು ನಂಟಿದೆ. ಡಿಟಿಪಿ ಮಾಡಿದ ಕನ್ನಡಿಗರಿಗೆಲ್ಲ ಶ್ರೀಲಿಪಿ ಗೊತ್ತು. ಅದನ್ನು ಮಾಡಿದ ಮಾಡ್ಯುಲರ್ ಇನ್ಫೋಟೆಕ್ ಪುಣೆಯ ಕಂಪನಿ. ಲಿನಕ್ಸ್‌ನಲ್ಲಿ ಭಾರತೀಯ ಭಾಷೆಗಳಿಗೆ ಬಂದ ಲೋಹಿತ್ ಫಾಂಟುಗಳ ಬೇರೂ ಅಲ್ಲೇ ಇದೆ. ರೆಡ್ ಹ್ಯಾಟ್ ಅವನ್ನು 2004ರಿಂದ ಮುಕ್ತವಾಗಿ ಕೊಡೋಕೆ ಶುರು ಮಾಡಿತು, ಆ ಕುಟುಂಬಕ್ಕೆ ಮುಂದೆ ಕನ್ನಡವೂ ಸೇರಿತು. ರೆಡ್ ಹ್ಯಾಟ್‌ನ ಪುಣೆ ಕಚೇರಿಯಲ್ಲಿ ಭಾರತೀಯ ಭಾಷೆಗಳ ಅನುವಾದದ ಕೆಲಸ ನಡೀತಿತ್ತು, ಕನ್ನಡದ್ದೂ ಸೇರಿ.

ಅಕ್ಷರ ಬಂತು, ಅನುವಾದ ಬಂತು. ಆದರೆ ಯಂತ್ರ ಕನ್ನಡದಲ್ಲಿ ಮಾತಾಡಬೇಕಾದರೆ ಕೊನೆಗೆ ಬೇಕಾಗಿದ್ದು ಒಂದು ಎನ್ವಿರಾನ್‌ಮೆಂಟ್ ವೇರಿಯೇಬಲ್ಲು. ಲ್ಯಾಂಗ್ ಸಮ ಕೆಎನ್, ಅಡಿಗೆರೆ, ಐಎನ್, ಡಾಟ್, ಯುಟಿಎಫ್ 8. ಕೆಎನ್ ಅಂದ್ರೆ ಕನ್ನಡ, ಐಎನ್ ಅಂದ್ರೆ ಭಾರತ. ಈ ಸಾಲು ಎಕ್ಸ್‌ಪೋರ್ಟ್ ಆದ ಶೆಲ್ಲಿನಲ್ಲಿ, ಕನ್ನಡದ ಲೊಕೇಲ್ ಇರೋ ಯಂತ್ರದಲ್ಲಿ, "ಡೇಟ್" ಅಂತ ಕೇಳಿ ನೋಡಿ. ತಿಂಗಳ ಹೆಸರು ಕನ್ನಡದಲ್ಲಿ ಬರುತ್ತೆ.

ಹಳೆಯ ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಈ ಸಾಲು ಇದ್ದದ್ದು ಸಿಸ್‌ಕಾನ್ಫಿಗ್ ಫೋಲ್ಡರಿನ "ಐ 18 ಎನ್" ಅನ್ನೋ ಫೈಲಿನಲ್ಲಿ. ಲಾಗಿನ್ ಆದಾಗ ಶೆಲ್ಲು ಆ ಫೈಲನ್ನು ಚುಕ್ಕೆ ಇಟ್ಟು ಲೋಡ್ ಮಾಡ್ತಿತ್ತು. ಅಂದ್ರೆ ಆ ಫೈಲಿನಲ್ಲಿ ಭಾಷೆಯ ಹೆಸರು ಮಾತ್ರ ಅಲ್ಲ, ಯಾವ ಕಮಾಂಡು ಬರೆದಿದ್ದರೂ ನಡೆದುಹೋಗ್ತಿತ್ತು. 2010ರಲ್ಲಿ ಶುರುವಾದ ಸಿಸ್ಟಂಡಿ ಯೋಜನೆ ಇದರ ಜಾಗಕ್ಕೆ "ಲೊಕೇಲ್ ಡಾಟ್ ಕಾನ್ಫ್" ತಂದಿತು. ನೋಡೋಕೆ ಸಾಲು ಹಾಗೇ ಇದೆ. ಆದರೆ ನಿಯಮ ಬೇರೆ: ಹೆಸರು ಮತ್ತು ಬೆಲೆ ಮಾತ್ರ, ಶೆಲ್ಲಿನ ಬೇರೆ ಯಾವ ಆಟವೂ ನಡೆಯಲ್ಲ. ಫೈಲು ಆಜ್ಞೆಯಿಂದ ಬರೀ ಮಾಹಿತಿಗೆ ಇಳಿಯಿತು.

ಡಾಟ್ ಎನ್ವ್ ಬಂದ ಮೇಲೆ

ಇದೇ ಹೊತ್ತಿಗೆ ವೆಬ್ ಲೋಕದಲ್ಲೂ ಇದೇ ಬದಲಾವಣೆ ಆಗ್ತಿತ್ತು. 2011ರಲ್ಲಿ ಹೆರೋಕು ಕಂಪನಿಯ ಆಡಂ ವಿಗ್ಗಿನ್ಸ್ "ಹನ್ನೆರಡು ಅಂಶಗಳ ಆ್ಯಪ್" ಅನ್ನೋ ಬರಹ ಹೊರತಂದರು. ಅದರ ಒಂದು ಅಂಶ: ಡೇಟಾಬೇಸ್ ವಿಳಾಸ, ಪಾಸ್‌ವರ್ಡ್ ಇಂಥವು ಕೋಡಿನೊಳಗೆ ಇರಬಾರದು, ಎನ್ವಿರಾನ್‌ಮೆಂಟಿನಲ್ಲಿ ಇರಬೇಕು. ನಿಮ್ಮ ಕೋಡನ್ನು ಈ ಕ್ಷಣ ಜಗತ್ತಿಗೆಲ್ಲ ತೆರೆದಿಟ್ಟರೂ ಯಾವ ಗುಟ್ಟೂ ಹೊರಬೀಳಬಾರದು, ಅದೇ ಪರೀಕ್ಷೆ.

ಒಳ್ಳೇ ಮಾತು. ಆದರೆ ದಿನಾ ಹತ್ತು ವೇರಿಯೇಬಲ್ಲು ಕೈಯಲ್ಲಿ ಟೈಪ್ ಮಾಡೋರು ಯಾರು? ಅವನ್ನು "ಡಾಟ್ ಎನ್ವ್" ಅನ್ನೋ ಫೈಲಿನಲ್ಲಿ ಬರೆದಿಡೋ ರೂಢಿ ಬಂತು. 2012ರಲ್ಲಿ ಬ್ರ್ಯಾಂಡನ್ ಕೀಪರ್ಸ್ ರೂಬಿ ಭಾಷೆಗೆ "ಡಾಟ್‌ಎನ್ವ್" ಬರೆದರು. ಆಮೇಲೆ ನೋಡ್, ಪೈಥಾನ್, ಪಿಎಚ್‌ಪಿ, ಎಲ್ಲ ಭಾಷೆಗೂ ಒಂದೊಂದು ಬಂತು. ಡಾಕರ್ ಅದನ್ನು ಓದುತ್ತೆ. 2023ರಲ್ಲಿ ನೋಡ್ 20.6 ಆವೃತ್ತಿ ಅದನ್ನು ತನ್ನೊಳಗೇ ಸೇರಿಸಿಕೊಂಡಿತು.

ಈಗ ಗಮನ ಕೊಡಿ. ಡಾಟ್ ಎನ್ವ್ ಫೈಲು ನೋಡೋಕೆ ಶೆಲ್ ಸ್ಕ್ರಿಪ್ಟಿನ ಹಾಗೇ ಇದೆ. ಆದ್ದರಿಂದ ಜನ ಅದನ್ನು ಶೆಲ್ಲಿಗೂ ಲೋಡ್ ಮಾಡ್ತಾರೆ. ಚೊಕ್ಕವಾದ ವಿಧಾನ ಮೂರು ಹೆಜ್ಜೆ. ಮೊದಲು "ಸೆಟ್ ಮೈನಸ್ ಎ", ಅಂದ್ರೆ ಇನ್ನು ಮುಂದೆ ಹೆಸರಿಡೋ ವೇರಿಯೇಬಲ್ಲುಗಳನ್ನೆಲ್ಲ ತಾನಾಗೇ ಎಕ್ಸ್‌ಪೋರ್ಟ್ ಮಾಡು. ಎರಡನೇದು ಚುಕ್ಕೆ, ಖಾಲಿ ಜಾಗ, ಚುಕ್ಕೆ-ಓರೆಗೆರೆ, ಡಾಟ್ ಎನ್ವ್. ಮೂರನೇದು "ಸೆಟ್ ಪ್ಲಸ್ ಎ", ಅಂದ್ರೆ ಆ ಅಭ್ಯಾಸ ನಿಲ್ಲಿಸು. ನಡುವಿನ ಚುಕ್ಕೆ-ಓರೆಗೆರೆ ಬಿಡಬೇಡಿ. ಓರೆಗೆರೆ ಇಲ್ಲದ ಹೆಸರನ್ನು ಚುಕ್ಕೆ ಕಮಾಂಡು ಪಾತ್‌ನಲ್ಲಿ ಹುಡುಕುತ್ತೆ, ನೀವಿರೋ ಫೋಲ್ಡರಿನಲ್ಲಿ ಅಲ್ಲ. ಬ್ಯಾಶ್ ಪಾತ್‌ನಲ್ಲಿ ಸಿಗದಿದ್ದರೆ ಇಲ್ಲೂ ಒಮ್ಮೆ ನೋಡುತ್ತೆ, ಬೇರೆ ಶೆಲ್ಲುಗಳು ಆ ದಾಕ್ಷಿಣ್ಯ ತೋರಿಸೋದಿಲ್ಲ.

ಹೀಗೆ ಲೋಡ್ ಮಾಡಿದ ಫೈಲು ಡಾಕರ್‌ಗೆ ಮಾಹಿತಿ, ಶೆಲ್ಲಿಗೆ ಆಜ್ಞೆ. ಒಂದೇ ಕಾಗದ, ಎರಡು ಅರ್ಥ. ಪಾಸ್‌ವರ್ಡಿನಲ್ಲಿ ಡಾಲರ್ ಚಿಹ್ನೆ ಇತ್ತು ಅಂತಿಟ್ಟುಕೊಳ್ಳಿ. "ಡಾಕರ್ ರನ್" ಅದನ್ನು ಹಾಗೇ ತಗೊಳ್ಳುತ್ತೆ. ಶೆಲ್ಲು ಮಾತ್ರ ಡಾಲರ್ ಆದ ಮೇಲಿನ ಅಕ್ಷರಗಳನ್ನು ಇನ್ನೊಂದು ವೇರಿಯೇಬಲ್ಲಿನ ಹೆಸರು ಅಂದುಕೊಂಡು ಅದರ ಬೆಲೆ ಹುಡುಕುತ್ತೆ, ಸಿಗದಿದ್ದರೆ ಖಾಲಿ ಬಿಡುತ್ತೆ. ಬೆಲೆಯಲ್ಲಿ ಖಾಲಿ ಜಾಗ ಇದ್ದರೆ ಅದರ ಮುಂದಿನ ಪದವನ್ನು ಕಮಾಂಡು ಅಂದುಕೊಳ್ಳುತ್ತೆ. ಅದಕ್ಕೆ ಉದ್ಧರಣ ಚಿಹ್ನೆ ಹಾಕೋಣ ಅಂದ್ರೆ, "ಡಾಕರ್ ರನ್" ಓದೋವಾಗ ಆ ಚಿಹ್ನೆಗಳನ್ನೂ ಪಾಸ್‌ವರ್ಡಿನ ಭಾಗ ಅಂತಲೇ ಇಟ್ಟುಕೊಳ್ಳುತ್ತೆ. ಫೈಲನ್ನು ವಿಂಡೋಸ್‌ನಲ್ಲಿ ಉಳಿಸಿದ್ದರೆ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡಿರುತ್ತೆ. ಪಾಸ್‌ವರ್ಡ್ ಸರಿಯಾಗೇ ಇದೆಯಲ್ಲ, ಯಾಕೆ ಒಪ್ಪಲ್ಲ ಅಂತ ತಲೆ ಕೆರೆದುಕೊಳ್ಳೋ ಸಂಜೆಗಳು ಎಷ್ಟೋ!

ಆಜ್ಞೆ ಮತ್ತು ಮಾಹಿತಿಯ ಈ ಗೊಂದಲ ಎಷ್ಟು ದೂರ ಹೋಗಬಹುದು ಅಂತ 2014ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ಗೊತ್ತಾಯಿತು. ಸ್ಟೆಫಾನ್ ಶಾಜೆಲಾ ಕಂಡುಹಿಡಿದ ಶೆಲ್‌ಶಾಕ್ ದೋಷ. ಬ್ಯಾಶ್ ಶುರುವಾಗೋವಾಗ, ಎನ್ವಿರಾನ್‌ಮೆಂಟಿನಲ್ಲಿ ಫಂಕ್ಷನ್ನಿನ ಹಾಗೆ ಕಾಣೋ ಬೆಲೆ ಇದ್ದರೆ ಅದನ್ನು ಕೋಡ್ ಅಂತ ತಗೊಳ್ತಿತ್ತು, ಅದರ ಹಿಂದೆ ಅಂಟಿಸಿದ ಕಮಾಂಡನ್ನೂ ನಡೆಸಿಬಿಡ್ತಿತ್ತು. ವೆಬ್ ಸರ್ವರುಗಳು ಹೊರಗಿನವರು ಕಳಿಸಿದ ಪದಗಳನ್ನೇ ಎನ್ವಿರಾನ್‌ಮೆಂಟಿಗೆ ಹಾಕಿ ಬ್ಯಾಶ್ ಕರೆಯೋದುಂಟು. ಅಂದ್ರೆ ದಾರಿಹೋಕರು ನಿಮ್ಮ ಮಗನ ಬುತ್ತಿಯೊಳಗೆ ಚೀಟಿ ಹಾಕಬಹುದು, ಮಗ ಅದನ್ನು ಅಮ್ಮನ ಮಾತು ಅಂತ ನಂಬಿ ನಡೆಸಿಬಿಡ್ತಾನೆ. ಇಪ್ಪತ್ತೈದು ವರ್ಷ ಆ ದೋಷ ಅಲ್ಲೇ ಕೂತಿತ್ತು.

ಚುಕ್ಕೆ ಬೀಗ ಅಲ್ಲ

ಇನ್ನು ಡಾಟ್ ಎನ್ವ್ ಹೆಸರಿನ ಮೊದಲ ಚುಕ್ಕೆ. ಇದು ಕಮಾಂಡಿನ ಚುಕ್ಕೆಗೆ ಸಂಬಂಧವಿಲ್ಲದ ಇನ್ನೊಂದು ಚುಕ್ಕೆ. ಹೆಸರಿನ ಮೊದಲು ಚುಕ್ಕೆ ಇದ್ದರೆ ಪಟ್ಟಿಯಲ್ಲಿ ಫೈಲು ಕಾಣೋದಿಲ್ಲ. ಈ ಪದ್ಧತಿ ಹೇಗೆ ಬಂತು ಅಂತ ಬೆಲ್ ಲ್ಯಾಬ್ಸ್‌ನ ರಾಬ್ ಪೈಕ್ ಬರೆದಿದ್ದಾರೆ. ಪ್ರತಿ ಫೋಲ್ಡರಿನಲ್ಲೂ ಒಂಟಿ ಚುಕ್ಕೆ, ಜೋಡಿ ಚುಕ್ಕೆ ಅನ್ನೋ ಎರಡು ಹೆಸರು ಇರ್ತಾವೆ. ಅವು ಪಟ್ಟಿಯಲ್ಲಿ ಬೇಡ ಅಂತ, ಮೊದಲ ಅಕ್ಷರ ಚುಕ್ಕೆ ಆಗಿದ್ದರೆ ಬಿಟ್ಟುಬಿಡು ಅಂತ ಸುಲಭದ ಒಂದು ಸಾಲು ಬರೆದರು. ಆ ಅಡ್ಡದಾರಿಯಿಂದ ಚುಕ್ಕೆ ಇರೋ ಎಲ್ಲ ಫೈಲೂ ಮರೆಯಾಯಿತು. ಯಾರೂ ಯೋಜಿಸಿದ್ದಲ್ಲ, ಕಾವಲಿಗೆ ಮಾಡಿದ್ದೂ ಅಲ್ಲ.

2024ರ ಆಗಸ್ಟಿನಲ್ಲಿ ಪಾಲೋ ಆಲ್ಟೋ ನೆಟ್‌ವರ್ಕ್ಸ್‌ನ ಯೂನಿಟ್ 42 ತಂಡ ಒಂದು ವರದಿ ಹೊರಹಾಕಿತು. ದಾಳಿಕೋರರು 1,10,000 ಡೊಮೇನುಗಳನ್ನು ಗುರಿ ಮಾಡಿ, ವೆಬ್ ಸರ್ವರಿನಲ್ಲಿ ಬಯಲಿಗೆ ಬಿದ್ದಿದ್ದ ಡಾಟ್ ಎನ್ವ್ ಫೈಲುಗಳನ್ನು ಹೆಕ್ಕಿದ್ದರು. ಅವರಿಗೆ ಸಿಕ್ಕಿದ್ದು 90,000ಕ್ಕೂ ಹೆಚ್ಚು ಬೇರೆಬೇರೆ ವೇರಿಯೇಬಲ್ಲುಗಳು. ಅದರಲ್ಲಿ 7,000 ವೇರಿಯೇಬಲ್ಲುಗಳು ಸಂಸ್ಥೆಗಳ ಕ್ಲೌಡ್ ಸೇವೆಗಳಿಗೆ ಸೇರಿದ್ದವು. ಆ ಕೀಲಿ ಹಿಡಿದು ಒಳಗೆ ಹೋಗಿ, ಮಾಹಿತಿ ಕದ್ದು, ಹಣ ಕೇಳಿದರು. ಬೀಗ ಮುರಿಯೋ ಕಷ್ಟವೇ ಇರಲಿಲ್ಲ. ಪರದೆಯ ಹಿಂದೆ ಇಟ್ಟ ಕೀಲಿಯನ್ನು ಪರದೆ ಸರಿಸಿ ತಗೊಂಡರು ಅಷ್ಟೇ. ಕೋಡಿನ ಜೊತೆ ಕೀಲಿ ಹೊರಹೋಗೋದನ್ನು ತಡೆಯೋಕೆ ಗಿಟ್‌ಹಬ್ ಅದೇ ವರ್ಷ ಎಲ್ಲ ಸಾರ್ವಜನಿಕ ಭಂಡಾರಗಳಿಗೂ ತಪಾಸಣೆಯನ್ನು ತಾನಾಗೇ ಚಾಲೂ ಮಾಡಿತು.

ಹೀಗೆ ನೋಡಿದರೆ ನಾಲ್ಕೂವರೆ ದಶಕದಲ್ಲಿ ಫೈಲಿನ ಪಾತ್ರ ತಲೆಕೆಳಗಾಗಿದೆ. 1979ರ ಡಾಟ್ ಪ್ರೊಫೈಲಿನಲ್ಲಿ ಇದ್ದದ್ದು ನಿಮ್ಮ ಅನುಕೂಲಗಳು. ಬೇರೆಯವರು ಅದನ್ನು ಓದಿದರೆ ನಷ್ಟ ಏನಿಲ್ಲ, ಅದರಲ್ಲಿ ಬರೆದರೆ ಮಾತ್ರ ಅಪಾಯ. 2024ರ ಡಾಟ್ ಎನ್ವ್‌ನಲ್ಲಿ ಇರೋದು ಕೀಲಿಗಳು. ಓದಿದರೂ ಅಪಾಯವೇ. ನಾವು ಮಾತ್ರ ಎರಡನ್ನೂ ಅದೇ ಹಳೇ ಚುಕ್ಕೆಯಿಂದ, ಅದೇ ಸಲಿಗೆಯಿಂದ ಲೋಡ್ ಮಾಡ್ತಿದ್ದೀವಿ.

ಹಾಗಾದರೆ ಮಾಡೋದೇನು? ನಾಲ್ಕು ಮಾತು. ಒಂದು, ಬೇರೆಯವರು ಕೊಟ್ಟ ಫೈಲನ್ನು ತೆರೆದು ನೋಡದೆ ಚುಕ್ಕೆ ಇಟ್ಟು ಲೋಡ್ ಮಾಡಬೇಡಿ. ನೀವು ಅದನ್ನು ಓದ್ತಿಲ್ಲ, ಅದು ಹೇಳಿದ ಹಾಗೆ ಕೇಳ್ತಿದ್ದೀರಿ. ಎರಡು, ಶೆಲ್ಲಿಗೂ ಡಾಕರ್‌ಗೂ ಒಂದೇ ಫೈಲು ಬೇಕಾದರೆ ಬೆಲೆಗಳಲ್ಲಿ ಖಾಲಿ ಜಾಗ, ಡಾಲರ್, ಉದ್ಧರಣ ಚಿಹ್ನೆ ಬರದ ಹಾಗೆ ಸರಳವಾಗಿಡಿ. ಮೂರು, ಕೀಲಿ ಇರೋ ಫೈಲನ್ನು ನಿಮ್ಮ ಖಾತೆಗೆ ಮಾತ್ರ ಓದೋ ಹಾಗೆ ಬಿಗಿ ಮಾಡಿ, ಗಿಟ್ ಇಗ್ನೋರ್‌ಗೆ ಸೇರಿಸಿ, ವೆಬ್ ಸರ್ವರ್ ಹಂಚೋ ಫೋಲ್ಡರಿನಿಂದ ಹೊರಗಿಡಿ. ನಾಲ್ಕು, ಲೋಡ್ ಮಾಡಿದ ಕೀಲಿ ಆ ಶೆಲ್ಲಿನಿಂದ ಹುಟ್ಟೋ ಪ್ರತಿ ಮಗುವಿನ ಬುತ್ತಿಗೂ ಹೋಗುತ್ತೆ ಅನ್ನೋದು ನೆನಪಿರಲಿ. ಒಂದೇ ಪ್ರೋಗ್ರಾಮಿಗೆ ಬೇಕಾದ್ದನ್ನು ದಿನವಿಡೀ ತೆರೆದಿರೋ ಶೆಲ್ಲಿಗೆ ತುಂಬೋ ಬದಲು, ದುಂಡು ಆವರಣದೊಳಗೆ ಒಂದು ಮರಿಶೆಲ್ ತೆಗೆದು ಅಲ್ಲೇ ಲೋಡ್ ಮಾಡಿ, ಅಲ್ಲೇ ಓಡಿಸಿ. ಕೆಲಸ ಮುಗಿದಾಗ ಮರಿಯ ಜೊತೆ ಕೀಲಿಯೂ ಹೋಗುತ್ತೆ. ಏಪ್ಸ್ ಬಳಸೋರಿಗೆ ತೊಡಕು ಅನ್ನಿಸಿದ ಗುಣವೇ ಇಲ್ಲಿ ನಮಗೆ ರಕ್ಷಣೆ.

ಮುಂದಿನ ಸಂಚಿಕೆಯಲ್ಲಿ ಯುಟಿಎಫ್ 8 ಬಗ್ಗೆ, ಅದರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ ಮೂರು ಮೂರು ಬೈಟ್ ಯಾಕೆ ಅನ್ನೋದರ ಬಗ್ಗೆ ಮಾತಾಡೋಣ. ಅಲ್ಲಿವರೆಗೆ ನಿಮ್ಮ ಯಂತ್ರದಲ್ಲಿ "ಎನ್ವ್" ಅಂತ ಒಂದೇ ಪದ ಕೊಟ್ಟು ನೋಡಿ. ನೀವು ಶುರು ಮಾಡೋ ಪ್ರತಿ ಪ್ರೋಗ್ರಾಮಿನ ಕೈಗೆ ಏನೇನು ಕಟ್ಟಿ ಕಳಿಸ್ತಿದ್ದೀರಿ ಅನ್ನೋದು ಸಾಲು ಸಾಲಾಗಿ ಕಾಣುತ್ತೆ.